ಸವೆದ ವೈಪರ್ ಬ್ಲೇಡನ್ನು ಬದಲಿಸದೆ ಸರಿಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ಮಾರನೇ ದಿನ ಈ ಪ್ರಶ್ನೆಗಳು ಶುರುವಾಗುತ್ತವೆ. ಎಂಟು ತಿಂಗಳು ಮುಟ್ಟದ ವೈಪರನ್ನು ಆವತ್ತು ಆನ್ ಮಾಡಿರುತ್ತಾರೆ, ಗಾಜಿನ ತುಂಬಾ ಕೆಸರು ಬಳಿದಂತಾಗಿರುತ್ತದೆ. ನೆಂಟರು, ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡುವವರು ಕೇಳಿದ್ದನ್ನು, ಆದಷ್ಟು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸತ್ತುಹೋಯಿತು ಅಂದುಕೊಂಡ ಬ್ಲೇಡುಗಳಲ್ಲಿ ಬಹಳಷ್ಟು ಬರೀ ಕೊಳೆಯಾಗಿರುತ್ತವೆ. ನಿಜವಾಗಿ ಸತ್ತದ್ದನ್ನು ಮಾತ್ರ ಯಾವ ಮನೆಮದ್ದೂ ಬದುಕಿಸುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ಗೊತ್ತಿರಬೇಕು ಅಷ್ಟೆ.

## ಮೊದಲಿಗೆ ತಿಳಿಯಬೇಕಾದದ್ದು

ಸವೆದ ವೈಪರ್ ನಿಜವಾಗ್ಲೂ ಸರಿ ಹೋಗುತ್ತಾ, ಇಲ್ಲಾ ಸುಮ್ನೆ ಟೈಮ್ ವೇಸ್ಟಾ?

ಎಷ್ಟು ಸವೆದಿದೆ ಅನ್ನುವುದರ ಮೇಲೆ ಹೋಗುತ್ತದೆ. ರಬ್ಬರಿನ ಅಂಚಿನಲ್ಲಿ ಕೊಳೆ ಕೂತಿದ್ದರೆ ಹತ್ತು ನಿಮಿಷದ ಕೆಲಸ, ಖರ್ಚೇ ಇಲ್ಲ. ಅಂಚು ಬಿಸಿಲಿಗೆ ಒಣಗಿ ಮೇಲುಮೇಲೆ ಗಡುಸಾಗಿದ್ದರೆ ನಯವಾಗಿ ತೀಡಿ ಸ್ವಲ್ಪ ದಿನ ಓಡಿಸಬಹುದು. ರಬ್ಬರ್ ಸೀಳಿದ್ದರೆ ರಬ್ಬರನ್ನಷ್ಟೇ ಬದಲಿಸಿ ಹಳೆಯ ಚೌಕಟ್ಟು ಉಳಿಸಿಕೊಳ್ಳಬಹುದು. ಇದೇ ಕ್ರಮದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ. ಮೊದಲನೆಯದರಲ್ಲೇ ಸರಿಹೋದರೆ ಮುಂದಿನದರ ಅಗತ್ಯವಿಲ್ಲ.

ನನ್ನ ಬ್ಲೇಡ್ ಸತ್ತಿದೆಯೋ, ಬರೀ ಕೊಳೆಯಾಗಿದೆಯೋ ಅಂತ ಗೊತ್ತಾಗೋದು ಹೇಗೆ?

ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ವೈಪರ್ ಆನ್ ಮಾಡಿ. ಅದು ಬಿಟ್ಟುಹೋಗುವ ಗುರುತೇ ಕಾಯಿಲೆ ಯಾವುದು ಅಂತ ಹೇಳುತ್ತದೆ.

ಕೂದಲಿನಷ್ಟು ತೆಳ್ಳಗೆ ನೀರಿನ ಗೆರೆಗಳು ಉಳಿದರೆ ಅಂಚಿನಲ್ಲಿ ಮರಳಿನ ಕಣ ಸಿಕ್ಕಿಕೊಂಡಿದೆ, ಇಲ್ಲವೇ ಅಲ್ಲಿ ಸಣ್ಣ ಸೀಳಿದೆ. ಇಡೀ ಗಾಜು ಹಾಲು ತೆಳ್ಳಗೆ ಬಳಿದಂತೆ ಮಸುಕಾಗಿ, ಎರಡು ಮೂರು ಸೆಕೆಂಡಿಗೆ ಆರಿಹೋದರೆ ಜಿಡ್ಡು. ಜಿಡ್ಡು ಗಾಜಿನ ಮೇಲಿರಬಹುದು, ರಬ್ಬರಿನ ಮೇಲಿರಬಹುದು, ಬಹುತೇಕ ಎರಡರ ಮೇಲೂ ಇರುತ್ತದೆ. ಅಂಗೈ ಅಗಲದ ಪಟ್ಟಿಯೊಂದು ಒರೆಸದೇ ಉಳಿದರೆ ಅಲ್ಲಿ ರಬ್ಬರ್ ಗಾಜಿಗೆ ತಾಗುತ್ತಿಲ್ಲ. ಅದು ಚೌಕಟ್ಟಿನದೋ ಸ್ಪ್ರಿಂಗಿನದೋ ತೊಂದರೆ. ದಡದಡ ಕುಣಿಯುತ್ತಾ ಹೋದರೆ ಅಂಚು ಗಡುಸಾಗಿದೆ, ಇಲ್ಲವೇ ಆರ್ಮ್, ಅಂದರೆ ಬ್ಲೇಡನ್ನು ಹಿಡಿದಿರುವ ಲೋಹದ ತೋಳು, ತಿರುಚಿದೆ.

ಆಮೇಲೆ ಬ್ಲೇಡ್ ಎತ್ತಿ ಬೆರಳಿನ ತುದಿಯಿಂದ ಅಂಚನ್ನು ಪಕ್ಕಕ್ಕೆ ಬಗ್ಗಿಸಿ ನೋಡಿ. ಆರೋಗ್ಯವಾಗಿರುವ ರಬ್ಬರ್ ಸುಲಭವಾಗಿ ಬಾಗಿ ತಟ್ಟನೆ ನೆಟ್ಟಗಾಗುತ್ತದೆ. ಬಾಗಿಸಿದಾಗ ಬುಡದಲ್ಲಿ ಸಣ್ಣ ಸಣ್ಣ ಬಿರುಕು ಬಾಯಿ ತೆರೆದರೆ ಆ ರಬ್ಬರಿನ ಕಥೆ ಮುಗಿದಿದೆ. ತೊಳೆಯುವ, ತೀಡುವ ಭಾಗಗಳನ್ನು ಬಿಟ್ಟು ನೇರವಾಗಿ ರಬ್ಬರ್ ಬದಲಿಸುವ ಭಾಗಕ್ಕೆ ಹೋಗಿ.

ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಬಳಸೋದು. ಆದರೂ ಇಷ್ಟು ಬೇಗ ಯಾಕೆ ಹಾಳಾಗುತ್ತೆ?

ಹಾಳಾಗುವುದು ಆ ನಾಲ್ಕು ತಿಂಗಳಲ್ಲಿ ಅಲ್ಲ, ಉಳಿದ ಎಂಟು ತಿಂಗಳಲ್ಲಿ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯಲ್ಲಿರುವ ಓಝೋನ್ ಎರಡೂ ರಬ್ಬರಿನ ಶತ್ರುಗಳು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಮುಂದಿನ ಗಾಜನ್ನು ಒಮ್ಮೆ ಮುಟ್ಟಿ ನೋಡಿ, ಬ್ಲೇಡ್ ದಿನವಿಡೀ ಅದರ ಮೇಲೇ ಒರಗಿಕೊಂಡಿರುತ್ತದೆ. ಮೇಲಿನ ಪದರ ಒಣಗಿ ಗಡುಸಾಗುತ್ತದೆ, ಒಂದೇ ಕಡೆಗೆ ಬಾಗಿ ಕೂತ ಅಂಚು ಹಾಗೇ ಸೆಟ್ ಆಗಿಬಿಡುತ್ತದೆ.

ಅಂಚಿನ ಕೆಲಸ ಎಷ್ಟು ಸೂಕ್ಷ್ಮ ಅನ್ನುವುದೂ ತಿಳಿದಿರಲಿ. ಗಾಜಿಗೆ ತಾಗುವ ತುಟಿ ಒಂದು ಮಿಲಿಮೀಟರಿಗಿಂತ ತೆಳು. ಅದರಲ್ಲೂ ಪೂರ್ತಿ ಅಗಲ ತಾಗುವುದಿಲ್ಲ. ತುಟಿ ಓರೆಯಾಗಿ ಮಲಗಿ, ಅದರ ಒಂದು ಮೂಲೆ ಮಾತ್ರ ನೀರನ್ನು ಎಳೆದುಕೊಂಡು ಹೋಗುತ್ತದೆ. ವಾಪಸ್ ಬರುವಾಗ ತುಟಿ ಆ ಕಡೆಗೆ ಮಗುಚಿ ಇನ್ನೊಂದು ಮೂಲೆ ಕೆಲಸ ಮಾಡುತ್ತದೆ. ಮಕ್ಕಳ ಅಳಿಸುವ ರಬ್ಬರ್ ನೆನಪಿಸಿಕೊಳ್ಳಿ. ಹೊಸದರ ಚೂಪು ಮೂಲೆ ಅಕ್ಷರವನ್ನು ಚೊಕ್ಕವಾಗಿ ಅಳಿಸುತ್ತದೆ, ಉಂಡೆಯಾದ ಮೇಲೆ ಕಪ್ಪು ಬಳಿಯುತ್ತದೆ. ವೈಪರ್ ಸವೆಯುವುದು ಅಂದರೆ ಆ ಎರಡು ಮೂಲೆಗಳು ಉಂಡೆಯಾಗುವುದು.

## ತೊಳೆಯುವುದು

ಬ್ಲೇಡನ್ನ ಸರಿಯಾಗಿ ಕ್ಲೀನ್ ಮಾಡೋದು ಹೇಗೆ? ಬಟ್ಟೆಯಲ್ಲಿ ಒರೆಸಿದ್ರೆ ಸಾಕಾ?

ಒಣ ಬಟ್ಟೆಯಲ್ಲಿ ಒರೆಸಬೇಡಿ. ಅಂಚಿನಲ್ಲಿ ಸಿಕ್ಕಿಕೊಂಡಿರುವ ಮರಳನ್ನು ಅದರ ಮೇಲೇ ಉಜ್ಜಿದಂತಾಗುತ್ತದೆ.

ಕಾರನ್ನು ನೆರಳಿಗೆ ತನ್ನಿ. ಆರ್ಮ್ ಎತ್ತುವ ಮೊದಲು ಗಾಜಿನ ಮೇಲೆ ಮಡಿಚಿದ ಟವೆಲ್ ಹಾಸಿ. ಕೈ ಜಾರಿ ಬರೀ ಆರ್ಮ್ ಗಾಜಿಗೆ ಬಡಿದರೆ ಬಿರುಕು ಬಿಡಬಹುದು, ಆಮೇಲೆ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ. ಕೆಲವು ಕಾರುಗಳಲ್ಲಿ ವೈಪರ್ ಬಾನೆಟ್ಟಿನ ಅಂಚಿನೊಳಗೆ ಅಡಗಿರುತ್ತದೆ, ಸುಮ್ನೆ ಎತ್ತಲು ಹೋದರೆ ಬಾನೆಟ್ಟಿನ ಬಣ್ಣ ಕೆತ್ತುತ್ತದೆ. ಅಂಥ ಕಾರಿನಲ್ಲಿ ವೈಪರನ್ನು ಮೇಲಕ್ಕೆ ತಂದು ನಿಲ್ಲಿಸುವ ವಿಧಾನ ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ.

ಮೊದಲು ಬರೀ ನೀರು ಹಾಯಿಸಿ ಮರಳು ಬಿಡಿಸಿ. ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆ ಅದ್ದಿ. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಅದರೊಳಗೆ ರಬ್ಬರಿನ ತುಟಿ ಬರುವ ಹಾಗೆ ಮಾಡಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಕಣ್ಣಿಗೆ ಹಚ್ಚುವ ಕಾಡಿಗೆಯಂಥ ಕಪ್ಪು ಬರುತ್ತದೆ. ಬಟ್ಟೆಯ ಬೇರೆ ಜಾಗ ಹಿಡಿದು ಮತ್ತೆ ಎಳೆಯಿರಿ. ನಾಲ್ಕೈದು ಸಲಕ್ಕೆ ಕಪ್ಪು ಹೋಗಿ ತಿಳಿ ಬೂದು ಬಣ್ಣಕ್ಕೆ ಬರುತ್ತದೆ. ತುಟಿ ಮತ್ತು ಮೇಲಿನ ದಪ್ಪ ರಬ್ಬರ್ ಸೇರುವ ಸಂದಿಯಲ್ಲೂ ಬಟ್ಟೆಯ ಅಂಚು ಓಡಿಸಿ. ಅಲ್ಲಿ ಮಣ್ಣು ಗಟ್ಟಿಯಾದರೆ ತುಟಿ ಮಗುಚುವುದೇ ಇಲ್ಲ, ಇದನ್ನು ತುಂಬಾ ಜನ ಗಮನಿಸುವುದಿಲ್ಲ.

ಕೊನೆಗೆ ಒಳ್ಳೆಯ ನೀರಲ್ಲಿ ತೊಳೆದು, ಜಿಡ್ಡು ಇನ್ನೂ ಇದೆ ಅನ್ನಿಸಿದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ಹಾಕಿ ಒಮ್ಮೆ ಎಳೆಯಿರಿ. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಐಪಿಎ ಅಂತ ಕೇಳಿದರೆ ಗೊತ್ತಾಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಮಾತ್ರ ಬೇಡ, ಅದು ಆರಿದ ಮೇಲೆ ಅಂಟು ಪೊರೆ ಬಿಡುತ್ತದೆ.

ಎಷ್ಟು ಒರೆಸಿದ್ರೂ ಕಪ್ಪು ಬರ್ತಾನೇ ಇದೆ. ಪೂರ್ತಿ ಹೋಗೋವರೆಗೂ ಒರೆಸಬೇಕಾ?

ಬೇಡ. ಹೊಸ ಬ್ಲೇಡನ್ನು ಒರೆಸಿದರೂ ಸ್ವಲ್ಪ ಕಪ್ಪು ಬರುತ್ತದೆ. ತುಂಬಾ ಬ್ಲೇಡುಗಳಿಗೆ ಗಾಜಿನ ಮೇಲೆ ಸಲೀಸಾಗಿ ಜಾರಲಿ ಅಂತ ಗ್ರಾಫೈಟ್ ಲೇಪ ಕೊಟ್ಟಿರುತ್ತಾರೆ. ಅದನ್ನೂ ಉಜ್ಜಿ ತೆಗೆದರೆ ಬ್ಲೇಡ್ ಕಿರ್ ಕಿರ್ ಅನ್ನಲು ಶುರುಮಾಡುತ್ತದೆ. ಬಟ್ಟೆಯ ಮೇಲಿನ ಕಪ್ಪು ತಿಳಿಯಾಯಿತು ಅಂದರೆ ಅಲ್ಲಿಗೆ ನಿಲ್ಲಿಸಿ.

ಹೊಸ ಬ್ಲೇಡ್ ಹಾಕಿಸಿದೀನಿ ಸರ್, ಆದರೂ ಮಸುಕು ಹೋಗ್ತಿಲ್ಲ. ಡೂಪ್ಲಿಕೇಟ್ ಕೊಟ್ಟುಬಿಟ್ರಾ?

ಅಂಗಡಿಯವರನ್ನು ಬೈಯುವ ಮೊದಲು ಗಾಜನ್ನು ನೋಡಿ. ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ, ಕಾರಣ ಬಹುತೇಕ ಗಾಜೇ ಆಗಿರುತ್ತದೆ.

ಗಾಜನ್ನು ಸೋಪಿನಲ್ಲಿ ತೊಳೆದು ಒಣಗಿಸಿ, ಅಂಗೈಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಗಾಜಿನ ಮೇಲೆ ಸವರಿ. ಬರಿಗೈಗೆ ನುಣುಪು ಅನ್ನಿಸಿದ ಗಾಜು ಕವರಿನೊಳಗಿನ ಬೆರಳಿಗೆ ಸಣ್ಣ ರವೆ ಚೆಲ್ಲಿದಂತೆ ತರಿತರಿಯಾಗಿ ಸಿಗುತ್ತದೆ. ಆ ತರಿಯ ಮೇಲೆ ಎಂಥ ಹೊಸ ಬ್ಲೇಡೂ ಚೊಕ್ಕವಾಗಿ ಓಡುವುದಿಲ್ಲ. ಹೊಸ ಅಂಚನ್ನೂ ಅದು ಬೇಗ ತಿಂದುಹಾಕುತ್ತದೆ.

ತರಿ ಎಲ್ಲಿಂದ ಬಂತು ಅನ್ನುವುದು ನಿಮ್ಮ ಊರಿನ ಮೇಲೆ. ಬೆಂಗಳೂರು, ಕೋಲಾರದ ಕಡೆ ಬೋರ್‌ವೆಲ್ ನೀರಲ್ಲಿ ಕಾರು ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟರೆ ನೀರು ಆವಿಯಾಗಿ ಸುಣ್ಣದಂಥ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಬಿಳಿ ವಿನಿಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆ ನೆನೆಸಿ ಕಲೆಯ ಮೇಲೆ ಐದು ನಿಮಿಷ ಹಾಸಿ, ಆಮೇಲೆ ಉಜ್ಜಿ ತೊಳೆಯಿರಿ. ಬಣ್ಣದ ಮೇಲೆ ಇಳಿದರೆ ಕೂಡಲೇ ನೀರು ಹಾಕಿ. ಮಾವಿನ ಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಇನ್ನೊಂದು ಕಾಟ. ಹೂ ಬಿಡುವ ಕಾಲದಲ್ಲಿ ಜಿಗಿಹುಳು ಸುರಿಸುವ ಅಂಟು ಗಾಜಿನ ಮೇಲೆ ಸಣ್ಣ ಸಣ್ಣ ಚುಕ್ಕೆಯಾಗಿ ಕೂರುತ್ತದೆ. ಬಿಸಿನೀರಲ್ಲಿ ನೆನೆಸಿದ ಬಟ್ಟೆ ಹಾಸಿದರೆ ಕರಗುತ್ತದೆ. ಅಡಿಕೆ ತೋಟದ ಪಕ್ಕ ನಿಲ್ಲಿಸಿದ ಕಾರಿನ ಮೇಲೆ ಮರಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ನೀಲಿ ಹನಿ ಬಿದ್ದಿದ್ದರೆ ಅವತ್ತೇ ತೊಳೆದುಬಿಡಿ, ಒಣಗಿದರೆ ಬಿಡಿಸುವುದು ಕಷ್ಟ. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಓಡಾಡುವ ಕಾರಿಗೆ ಡೀಸೆಲ್ ಹೊಗೆಯ ಎಣ್ಣೆ ಪೊರೆ ಹಿಡಿದಿರುತ್ತದೆ. ಇದಕ್ಕೆ ವಿನಿಗರ್ ಸಾಲದು. ಪಾತ್ರೆ ಲಿಕ್ವಿಡ್ ಹಚ್ಚಿ ಉಜ್ಜಿ ತೊಳೆದ ಮೇಲೆ ಐಪಿಎ ಹಾಕಿ ಒರೆಸಬೇಕು.

ಕೆಲಸ ಮುಗಿಯಿತೋ ಇಲ್ಲವೋ ತಿಳಿಯಲು ಗಾಜಿನ ಮೇಲೆ ನೀರು ಹಾಕಿ ನೋಡಿ. ಚೊಕ್ಕ ಗಾಜಿನ ಮೇಲೆ ನೀರು ಒಂದೇ ಹಾಳೆಯಾಗಿ ಇಳಿಯುತ್ತದೆ. ಎಲ್ಲೋ ಒಂದು ಕಡೆ ತೇಪೆ ತೇಪೆಯಾಗಿ ಒಡೆದರೆ ಅಲ್ಲಿ ಇನ್ನೂ ಜಿಡ್ಡಿದೆ.

ವಾಷರ್ ಟ್ಯಾಂಕಿಗೆ ಸರ್ಫ್ ಪುಡಿ ಹಾಕಬಹುದಾ?

ಬೇಡ. ಪೂರ್ತಿ ಕರಗದ ಪುಡಿ ನಳಿಕೆಯ ಸಣ್ಣ ತೂತಿನಲ್ಲಿ ಕಟ್ಟಿಕೊಳ್ಳುತ್ತದೆ, ಗಾಜಿನ ಮೇಲೆ ಆರಿದರೆ ಬಿಳಿ ಪುಡಿಯಾಗಿ ಉಳಿಯುತ್ತದೆ. ಕಾರಿನ ಗಾಜಿಗೆ ಅಂತಲೇ ಮಾರುವ ದ್ರಾವಣವನ್ನು ಅದರ ಮೇಲೆ ಬರೆದಷ್ಟೇ ಪ್ರಮಾಣದಲ್ಲಿ ಬೆರೆಸಿ. ಬೋರ್‌ವೆಲ್ ನೀರಿನ ಬದಲು ಕುಡಿಯುವ ಫಿಲ್ಟರ್ ನೀರು ಹಾಕಿದರೆ ನಳಿಕೆ ಕಟ್ಟುವುದು ಕಡಿಮೆ. ಈಗಾಗಲೇ ಕಟ್ಟಿದ್ದರೆ ಸಣ್ಣ ಗುಂಡುಸೂಜಿ ಸಾಕು.

## ಮನೆಮದ್ದುಗಳು

ವ್ಯಾಸಲೀನ್, ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ತುಕ್ಕು ಬಿಡಿಸೋ ಸ್ಪ್ರೇ: ಇವುಗಳಲ್ಲಿ ಯಾವುದು ಒಳ್ಳೇದು?

ಯಾವುದೂ ಅಲ್ಲ. ಈ ಒಂದು ಉತ್ತರವನ್ನಾದರೂ ದಯವಿಟ್ಟು ನಂಬಿ.

ಇವನ್ನು ಹಚ್ಚಿದ ಕೂಡಲೇ ಬ್ಲೇಡ್ ಮೆತ್ತಗಾದಂತೆ, ಹೊಸದರಂತೆ ಕಪ್ಪಗೆ ಹೊಳೆಯುವಂತೆ ಕಾಣುತ್ತದೆ. ಸದ್ದೂ ನಿಲ್ಲುತ್ತದೆ. ಅದಕ್ಕೇ ಜನ ನಂಬುವುದು. ಒಳಗೆ ಆಗುವುದೇ ಬೇರೆ. ಸೀಮೆಎಣ್ಣೆ, ಪೆಟ್ರೋಲ್, ಖನಿಜ ತೈಲದಿಂದ ಮಾಡಿದ ಸ್ಪ್ರೇ ಇವೆಲ್ಲ ನೈಸರ್ಗಿಕ ರಬ್ಬರನ್ನು ಊದಿಸುತ್ತವೆ. ಬೇಕಾದರೆ ಮನೆಯಲ್ಲೇ ನೋಡಿ. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಂಡು, ಒಂದನ್ನು ಸೀಮೆಎಣ್ಣೆಯಲ್ಲಿ, ಇನ್ನೊಂದನ್ನು ನೀರಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೀಮೆಎಣ್ಣೆಯದು ಉಬ್ಬಿ ಉದ್ದವಾಗಿ ಲೊಳಲೊಳ ಅನ್ನುತ್ತಿರುತ್ತದೆ, ಎಳೆದರೆ ಸುಲಭವಾಗಿ ಹರಿಯುತ್ತದೆ. ಚೂಪಾಗಿರಬೇಕಾದ ವೈಪರ್ ತುಟಿಗೂ ಅದೇ ಗತಿ.

ವ್ಯಾಸಲೀನ್, ಕೊಬ್ಬರಿ ಎಣ್ಣೆಯದು ಇನ್ನೊಂದು ಅಪಾಯ. ಅವು ರಬ್ಬರಿನಲ್ಲಿ ಉಳಿಯದೆ ಗಾಜಿಗೆ ಇಳಿಯುತ್ತವೆ. ಹಗಲು ಹೊತ್ತು ಅಷ್ಟು ಗೊತ್ತಾಗುವುದಿಲ್ಲ. ತುಂಬಾ ವರ್ಷದ ಹಿಂದೆ ನಾನು ಹೀಗೇ ಒಂದು ಸ್ಪ್ರೇ ಹಚ್ಚಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯಲು ಹೊರಟಿದ್ದೆ. ಸಂಜೆ ಆರಕ್ಕೆ ಎಲ್ಲ ಚೆನ್ನಾಗೇ ಇತ್ತು. ಕತ್ತಲಾಗಿ ಎದುರಿನಿಂದ ಮೊದಲ ಲಾರಿ ಬಂದಾಗ ಅದರ ಎರಡು ದೀಪ ಇಡೀ ಗಾಜಿಗೆ ಹರಡಿತು. ರಸ್ತೆ, ತಡೆಗೋಡೆ, ತಿರುವು ಯಾವುದೂ ಕಾಣಲಿಲ್ಲ, ಬರೀ ಹಳದಿ ಬೆಳಕು. ವೈಪರ್ ಓಡಿದಷ್ಟೂ ಜಿಡ್ಡು ಚೆನ್ನಾಗಿ ಹರಡಿತು. ಪಕ್ಕಕ್ಕೆ ನಿಲ್ಲಿಸಿ, ಕುಡಿಯುವ ನೀರು ಮತ್ತು ಊಟದ ಡಬ್ಬಿ ತೊಳೆಯಲು ಇಟ್ಟುಕೊಂಡಿದ್ದ ಸೋಪಿನ ತುಂಡಿನಿಂದ ಗಾಜು ಉಜ್ಜಿದ ಮೇಲೆಯೇ ಮುಂದೆ ಹೋಗಲು ಆಗಿದ್ದು. ಆ ಎರಡು ಮೂರು ಸೆಕೆಂಡಿನ ಕುರುಡು ಈಗಲೂ ನೆನಪಿದೆ. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ಈಗಾಗಲೇ ಹಚ್ಚಿಬಿಟ್ಟಿದ್ದರೆ ಬ್ಲೇಡನ್ನೂ ಗಾಜನ್ನೂ ಒಟ್ಟಿಗೆ ಸೋಪಿನಲ್ಲಿ ತೊಳೆಯಿರಿ. ಒಂದನ್ನೇ ತೊಳೆದರೆ ಇನ್ನೊಂದು ಮತ್ತೆ ಜಿಡ್ಡು ಮಾಡುತ್ತದೆ. ಡ್ಯಾಶ್‌ಬೋರ್ಡ್ ಹೊಳೆಯಲು ಹಚ್ಚುವ ಪಾಲಿಶ್ ಕೂಡ ಇದೇ ಪಟ್ಟಿಗೆ ಸೇರುತ್ತದೆ.

ಲಾರಿಯವರು ಗಾಜಿಗೆ ಹೊಗೆಸೊಪ್ಪು ಉಜ್ಜುತ್ತಾರಲ್ಲಾ, ಅದು ಕೆಲಸ ಮಾಡುತ್ತಾ?

ಮಾಡುತ್ತದೆ, ಸ್ವಲ್ಪ ಹೊತ್ತು. ಒದ್ದೆ ಹೊಗೆಸೊಪ್ಪು ಅಥವಾ ಕತ್ತರಿಸಿದ ಆಲೂಗಡ್ಡೆ ಉಜ್ಜಿದರೆ ಗಾಜಿನ ಮೇಲೆ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡುತ್ತದೆ. ಹಾಗಾಗಿ ವೈಪರ್ ಕೆಟ್ಟಿದ್ದರೂ ದಾರಿ ಕಾಣುತ್ತದೆ. ವೈಪರೇ ಸರಿಯಿಲ್ಲದ ಕಾಲದಲ್ಲಿ ದೂರದ ದಾರಿ ಓಡಿಸಿದವರ ಅನುಭವದ ಮಾತು ಅದು, ಗೌರವ ಕೊಡಬೇಕು. ಆದರೆ ಇದರಿಂದ ಬ್ಲೇಡ್ ಸರಿಹೋಗುವುದಿಲ್ಲ. ಜೋರು ಮಳೆಗೆ ಬೇಗ ತೊಳೆದುಹೋಗುತ್ತದೆ. ಮನೆಯವರೆಗೆ ತಲುಪುವ ಉಪಾಯ ಅಂತ ನೆನಪಿಟ್ಟುಕೊಳ್ಳಿ.

## ಅಂಚು ತೀಡುವುದು

ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ್ರೆ ಹೊಸದರ ಥರ ಆಗುತ್ತೆ ಅಂತಾರೆ. ನಿಜಾನಾ?

ಅರ್ಧ ನಿಜ. ತೊಳೆದ ಮೇಲೂ ಅಂಚು ಗಾಜಿನಂತೆ ಹೊಳೆಯುತ್ತಾ ಗಡುಸಾಗಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಆ ಒಣಗಿದ ತೆಳು ಪದರ ತೆಗೆದರೆ ಒಳಗಿನ ಮೆತ್ತನೆ ರಬ್ಬರ್ ಹೊರಗೆ ಬರುತ್ತದೆ.

ಪೇಂಟರುಗಳು ಬಳಸುವ ವಾಟರ್ ಪೇಪರ್ ತನ್ನಿ, 1000 ಅಥವಾ ಅದಕ್ಕಿಂತ ಮೇಲಿನ ನಂಬರಿನದು. ಮರಕ್ಕೆ ಉಜ್ಜುವ ಒರಟು ಕಾಗದ ರಬ್ಬರನ್ನು ಕಿತ್ತುಹಾಕುತ್ತದೆ. ಬೆರಳಗಲದ ತುಂಡು ಕತ್ತರಿಸಿ, ನೀರಲ್ಲಿ ನೆನೆಸಿ. ತುಟಿಯ ಒಂದು ಮಗ್ಗುಲಿಗೆ ಚಪ್ಪಟೆಯಾಗಿ ಇಟ್ಟು, ಇನ್ನೊಂದು ಮಗ್ಗುಲಿಗೆ ಬೆರಳು ಆನಿಸಿ, ಒಂದೇ ದಿಕ್ಕಿಗೆ ಹಗುರವಾಗಿ ಮೂರು ನಾಲ್ಕು ಸಲ ಎಳೆಯಿರಿ. ಆಮೇಲೆ ಮತ್ತೊಂದು ಮಗ್ಗುಲು. ಕಾಗದವನ್ನು ಮಡಿಚಿ ಅದರ ಮಡಿಕೆಯೊಳಗೆ ತುಟಿಯನ್ನು ಸಿಕ್ಕಿಸಿ ಎಳೆಯುವವರೇ ಜಾಸ್ತಿ. ಹಾಗೆ ಮಾಡಿದರೆ ಎರಡು ಮೂಲೆಯೂ ಉಂಡೆಯಾಗಿಬಿಡುತ್ತವೆ. ನಮಗೆ ಬೇಕಾದದ್ದೇ ಆ ಮೂಲೆಗಳು ಅಲ್ವಾ?

ತೀಡಿದ ಕಡೆ ಲೇಪ ಹೋಗಿರುತ್ತದೆ, ಆದ್ದರಿಂದ ಸವೆತ ಮೊದಲಿಗಿಂತ ಬೇಗ. ಹೊಸ ರಬ್ಬರ್ ತರುವವರೆಗೆ ಕೆಲವು ವಾರ ಸಿಕ್ಕಿದರೆ ಲಾಭವೇ. ಒಂದೇ ಬ್ಲೇಡನ್ನು ಮತ್ತೆ ಮತ್ತೆ ತೀಡುತ್ತಾ ಹೋಗಬೇಡಿ. ಸಿಲಿಕೋನ್ ಬ್ಲೇಡಿಗೆ ವಾಟರ್ ಪೇಪರ್ ಮುಟ್ಟಿಸಲೇಬೇಡಿ, ಅದಕ್ಕೆ ಒದ್ದೆ ಬಟ್ಟೆ ಸಾಕು.

ಆನ್‌ಲೈನಲ್ಲಿ ವೈಪರ್ ಟ್ರಿಮ್ಮರ್ ಅಂತ ಸಿಗುತ್ತೆ, ತಗೋಬಹುದಾ?

ಸಣ್ಣ ಪ್ಲಾಸ್ಟಿಕ್ ಹಿಡಿಯೊಳಗೆ ಬ್ಲೇಡ್ ಕೂರಿಸಿರುತ್ತಾರೆ. ತುಟಿಯ ಮೇಲೆ ಎಳೆದರೆ ನೂಲಿನಂಥ ಎಳೆ ಕತ್ತರಿಸಿ ಬರುತ್ತದೆ. ಯೋಚನೆ ಒಳ್ಳೆಯದೇ, ಮತ್ತೆ ಚೌಕ ಮೂಲೆ ಸಿಗಬೇಕು ಅನ್ನುವುದು ಉದ್ದೇಶ. ತೊಂದರೆ ಏನೆಂದರೆ ಕೈ ಒಂದಿಷ್ಟು ನಡುಗಿದರೂ ಅಂಚು ಅಲೆಅಲೆಯಾಗುತ್ತದೆ. ಸರಿಯಾಗಿ ಬಂದರೂ ತುಟಿಯ ಎತ್ತರ ಕಡಿಮೆಯಾಗಿ ಮಗುಚುವುದು ಬಿಗಿಯಾಗುತ್ತದೆ. ರಬ್ಬರ್ ಪಟ್ಟಿ ಸುಲಭವಾಗಿ ಸಿಗುವ ಊರಲ್ಲಿ ಇದಕ್ಕೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಕಾರು ಆರು ತಿಂಗಳು ನಿಂತೇ ಇತ್ತು. ರಬ್ಬರ್ ಚೆನ್ನಾಗಿದೆ, ಆದರೆ ಒಂದೇ ಕಡೆ ಬಾಗಿಬಿಟ್ಟಿದೆ. ಏನು ಮಾಡಲಿ?

ಊರಲ್ಲಿ ಕಾರು ಬಿಟ್ಟು ವಿದೇಶಕ್ಕೆ ಹೋಗಿ ಬಂದವರೆಲ್ಲ ಇದನ್ನು ಕೇಳುತ್ತಾರೆ. ಬ್ಲೇಡ್ ಬಿಚ್ಚಿ, ಕೈ ತಡೆಯುವಷ್ಟು ಬಿಸಿನೀರಲ್ಲಿ ಐದು ಹತ್ತು ನಿಮಿಷ ಮುಳುಗಿಸಿ. ಕುದಿಯುವ ನೀರು ಬೇಡ. ಹೊರತೆಗೆದು ತುಟಿಯನ್ನು ಬಾಗಿದ ದಿಕ್ಕಿಗೆ ವಿರುದ್ಧವಾಗಿ ಬೆರಳಲ್ಲಿ ನೀವುತ್ತಾ ಬನ್ನಿ, ನೆಟ್ಟಗಾದ ಮೇಲೆ ನೆರಳಲ್ಲಿ ತೂಗುಹಾಕಿ ಆರಲು ಬಿಡಿ. ಬಿರುಕಿಲ್ಲದ ರಬ್ಬರ್ ಆಗಿದ್ದರೆ ಸಾಕಷ್ಟು ಮಟ್ಟಿಗೆ ಸರಿಯಾಗುತ್ತದೆ. ಮುಂದಿನ ಸಲ ಕಾರು ಬಿಟ್ಟು ಹೋಗುವಾಗ ಬ್ಲೇಡ್ ಬಿಚ್ಚಿ ಬೀರುವಿನಲ್ಲಿಡಿ. ಬರೀ ಆರ್ಮಿನ ತುದಿಗೆ ದಪ್ಪ ಬಟ್ಟೆ ಸುತ್ತುವುದು ಮರೆಯಬೇಡಿ.

## ರಬ್ಬರ್ ಮಾತ್ರ ಬದಲಿಸುವುದು

ಬ್ಲೇಡ್ ಪೂರ್ತಿ ಬದಲಿಸದೆ ರಬ್ಬರ್ ಒಂದೇ ಹಾಕಿಸಬಹುದಾ? ಅಂಗಡಿಯವರು ಆಗಲ್ಲ ಅಂದ್ರು.

ಕಬ್ಬಿಣದ ಕಮಾನಿನಂಥ ಚೌಕಟ್ಟಿರುವ ಹಳೆಯ ಮಾದರಿಯ ಬ್ಲೇಡಾದರೆ ಖಂಡಿತ ಆಗುತ್ತದೆ. ಮೇರಿ ಆಂಡರ್ಸನ್ ಅನ್ನುವ ಅಮೆರಿಕದ ಮಹಿಳೆ 1903ರಲ್ಲಿ ಕೈಯಿಂದ ಓಡಿಸುವ ವೈಪರಿಗೆ ಪೇಟೆಂಟ್ ಪಡೆದಾಗಲೂ ಗಾಜು ಒರೆಸುತ್ತಿದ್ದದ್ದು ರಬ್ಬರೇ. ಸವೆಯುವುದು ಈಗಲೂ ಅದೊಂದೇ. ಕಮಾನು ಗಟ್ಟಿಯಿದ್ದರೆ ಅದನ್ನು ಎಸೆಯಲು ಕಾರಣವೇ ಇಲ್ಲ. ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ, ನಿಜ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಯಲ್ಲಿ ವಿಚಾರಿಸಿ, ಇಲ್ಲವೇ ನಿಮ್ಮ ಕಾರಿನ ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ 'ವೈಪರ್ ರಬ್ಬರ್ ಒಂದೇ ಬೇಕು' ಅಂತ ಕೇಳಿ.

ಹಳೆಯದನ್ನೇ ಅಳತೆಗೆ ತೆಗೆದುಕೊಂಡು ಹೋಗಿ. ಉದ್ದ ಹೆಚ್ಚಿದ್ದರೆ ಕತ್ತರಿಸಬಹುದು, ಅಗಲ ಮಾತ್ರ ಹೊಂದಲೇಬೇಕು. 6 ಮಿ.ಮೀ., 8 ಮಿ.ಮೀ. ಹೀಗೆ ಬೇರೆ ಬೇರೆ ಅಗಲ ಬರುತ್ತವೆ. ಸಣ್ಣದಾದರೆ ಕೊಕ್ಕೆಯೊಳಗೆ ಲಟಲಟ ಅನ್ನುತ್ತದೆ, ದೊಡ್ಡದಾದರೆ ಹೋಗುವುದೇ ಇಲ್ಲ.

ಬಿಚ್ಚುವ ಮೊದಲು ಎರಡೂ ತುದಿಯ ಫೋಟೊ ತೆಗೆದುಕೊಳ್ಳಿ. ಒಂದು ತುದಿಯಲ್ಲಿ ರಬ್ಬರಿನ ಗುಬುಟು ಚೌಕಟ್ಟಿನ ಕೊಕ್ಕೆಗೆ ಸಿಕ್ಕಿ ಬೀಗದಂತೆ ಕೂತಿರುತ್ತದೆ. ಆ ತುದಿ ಹಿಡಿದು ಸ್ವಲ್ಪ ಜೋರಾಗಿ ಎಳೆದರೆ ಕೊಕ್ಕೆ ಬಿಡುತ್ತದೆ, ಆಮೇಲೆ ಇಡೀ ಪಟ್ಟಿ ಜಾರಿ ಬರುತ್ತದೆ. ಅದರ ಎರಡು ಪಕ್ಕದಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿಗಳಿರುತ್ತವೆ. ಅವನ್ನು ಬಿಸಾಡಬೇಡಿ! ಬರೀ ರಬ್ಬರ್ ಕೊಂಡರೆ ಆ ಪಟ್ಟಿಗಳು ಜೊತೆಗೆ ಬರದೇ ಇರಬಹುದು. ಪಟ್ಟಿಗೆ ಒಂದು ಬಾಗು ಇರುತ್ತದೆ, ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಕಚ್ಚು ರಬ್ಬರಿನ ಕಡೆಗೆ ಬರುವಂತೆ, ಬಾಗು ಹಳೆಯದರಲ್ಲಿ ಇದ್ದ ಹಾಗೆಯೇ ಬರುವಂತೆ ಹೊಸ ರಬ್ಬರಿನ ಎರಡು ಪಕ್ಕದ ಸಂದಿಗೆ ಕೂರಿಸಿ. ಬಾಗು ಉಲ್ಟಾ ಆದರೆ ಬ್ಲೇಡಿನ ತುದಿಗಳು ಗಾಜಿನಿಂದ ಎದ್ದು ನಿಲ್ಲುತ್ತವೆ.

ಈಗ ಒಂದೊಂದೇ ಕೊಕ್ಕೆಯೊಳಗೆ ತೂರಿಸುತ್ತಾ ಬನ್ನಿ. ಸೋಪಿನ ನೀರು ಸವರಿದರೆ ಸಲೀಸಾಗಿ ಜಾರುತ್ತದೆ. ಒಂದು ಕೊಕ್ಕೆಯನ್ನು ಬಿಟ್ಟುಬಿಟ್ಟರೆ ಅದು ಗಾಜಿಗೆ ತಾಗಿ ಕೊರೆಯುತ್ತದೆ, ಆದ್ದರಿಂದ ಬೆರಳಲ್ಲಿ ಮುಟ್ಟಿ ಎಣಿಸಿ. ಕೊನೆಯ ಗುಬುಟು ಟಕ್ ಅಂತ ಕೂತಿತೋ ಅಂತ ಎಳೆದು ಖಾತ್ರಿ ಮಾಡಿಕೊಳ್ಳಿ. ಕೂರದಿದ್ದರೆ ಮಳೆಯಲ್ಲಿ ವೇಗವಾಗಿ ಓಡುವಾಗ ಪಟ್ಟಿ ಜಾರಿ ಹೊರಗೆ ಬರುತ್ತದೆ. ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು, ಎರಡನೇ ಬ್ಲೇಡಿಗೆ ಹತ್ತು ನಿಮಿಷ ಸಾಕಾಗುತ್ತದೆ.

ನನ್ನದು ಚೌಕಟ್ಟಿಲ್ಲದ ಚಪ್ಪಟೆ ಬ್ಲೇಡ್. ಅದಕ್ಕೂ ಆಗುತ್ತಾ?

ಕೆಲವಕ್ಕೆ ಆಗುತ್ತದೆ. ತುದಿಯ ಪ್ಲಾಸ್ಟಿಕ್ ಟೊಪ್ಪಿ ಬಿಚ್ಚಿ ಬರುವ ಮಾದರಿಯಾದರೆ ರಬ್ಬರ್ ಎಳೆದು ಹೊಸದನ್ನು ತೂರಿಸಬಹುದು. ರಬ್ಬರನ್ನು ಒಳಗಿನ ಉಕ್ಕಿಗೇ ಅಂಟಿಸಿಬಿಟ್ಟಿದ್ದರೆ ಆಗುವುದಿಲ್ಲ. ಬಲವಂತ ಮಾಡಿದರೆ ಉಕ್ಕಿನ ಬಾಗು ಕೆಟ್ಟು ಇಡೀ ಬ್ಲೇಡ್ ಹೋಗುತ್ತದೆ. ಮುಂದಿನ ಸಲ ಕೊಳ್ಳುವಾಗ 'ಇದರ ರಬ್ಬರ್ ಬೇರೆ ಸಿಗುತ್ತಾ' ಅಂತ ಮೊದಲೇ ಕೇಳಿ.

ಸೈಕಲ್ ಟ್ಯೂಬ್ ಕತ್ತರಿಸಿ ಸಿಕ್ಕಿಸಿದ್ರೆ ನಡೆಯುತ್ತಾ?

ನಡೆಯುವುದಿಲ್ಲ. ಟ್ಯೂಬಿನ ತುಂಡಿಗೆ ಮಗುಚುವ ಕತ್ತು ಇರುವುದಿಲ್ಲ, ಚೌಕ ಮೂಲೆಯೂ ಇರುವುದಿಲ್ಲ. ನೀರನ್ನು ತಳ್ಳುವ ಬದಲು ಬಳಿಯುತ್ತದೆ.

## ಆರ್ಮ್, ಸ್ಪ್ರಿಂಗ್, ಕೋನ

ಹೋಗುವಾಗ ಚೆನ್ನಾಗಿ ಒರೆಸುತ್ತೆ, ವಾಪಸ್ ಬರುವಾಗ ಮಾತ್ರ ದಡದಡ ಅಂತ ಕುಣಿಯುತ್ತೆ. ಯಾಕೆ?

ಒಂದೇ ದಿಕ್ಕಿಗೆ ಕುಣಿದರೆ, ರಬ್ಬರ್ ಒಂದು ಕಡೆಗೆ ಸೆಟ್ ಆಗಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಅದಲ್ಲದಿದ್ದರೆ ಆರ್ಮ್ ತಿರುಚಿದೆ. ಕಾರು ತೊಳೆಯುವವರು ಆರ್ಮನ್ನು ಪಕ್ಕಕ್ಕೆ ಒತ್ತಿ ಉಜ್ಜುವಾಗ ಹೀಗಾಗುವುದುಂಟು.

ಬ್ಲೇಡ್ ಬಿಚ್ಚಿ, ಬರೀ ಆರ್ಮನ್ನು ಟವೆಲ್ ಹಾಸಿದ ಗಾಜಿನ ಹತ್ತಿರ ನಿಧಾನವಾಗಿ ಇಳಿಸಿ ಪಕ್ಕದಿಂದ ನೋಡಿ. ಬ್ಲೇಡ್ ಸಿಕ್ಕಿಸುವ ತುದಿಯ ಚಪ್ಪಟೆ ಭಾಗ ಗಾಜಿಗೆ ಸಮಾನಾಂತರವಾಗಿರಬೇಕು. ಒಂದು ಕಡೆಗೆ ವಾಲಿದ್ದರೆ ತುಟಿ ಆ ಕಡೆಯಿಂದ ಮಗುಚಲು ಆಗದೆ ಗಾಜನ್ನು ಚುಚ್ಚುತ್ತಾ ಹಾರುತ್ತದೆ. ಆರ್ಮ್ ಎತ್ತಿ ಹಿಡಿದು, ಬಟ್ಟೆ ಸುತ್ತಿದ ಎರಡು ಸ್ಪ್ಯಾನರಿನಿಂದ ಒಂದು ಕಡೆ ಬಿಗಿಯಾಗಿ ಹಿಡಿದು ಇನ್ನೊಂದು ಕಡೆ ತುಸುವೇ ತಿರುಚಿ. ಗಾಜಿನ ಮೇಲೆ ಇಟ್ಟುಕೊಂಡೇ ತಿರುಚಬೇಡಿ. ಸ್ವಲ್ಪ ಸ್ವಲ್ಪವೇ ತಿರುಚಿ, ಪ್ರತಿ ಸಲವೂ ನೀರು ಹಾಕಿ ಓಡಿಸಿ ನೋಡಿ. ಕೈ ನಡುಗಿದರೆ ಪರಿಚಯದ ಗ್ಯಾರೇಜಿಗೆ ಹೋಗಿ, ಅವರಿಗೆ ಐದು ನಿಮಿಷದ ಕೆಲಸ.

ನೀರು ಹನಿಯಾಗಿ ಉರುಳುವಂತೆ ಗಾಜಿಗೆ ಲೇಪ ಹಾಕಿಸಿದ ಮೇಲೆ ಕುಣಿತ ಶುರುವಾಗಿದ್ದರೆ ಆರ್ಮನ್ನು ಮುಟ್ಟಬೇಡಿ. ಲೇಪ ಅಲ್ಲಲ್ಲಿ ಸವೆದು ತೇಪೆಯಾದಾಗಲೂ ಹೀಗೆ ಆಗುತ್ತದೆ.

ಡ್ರೈವರ್ ಕಡೆ ಮಧ್ಯದಲ್ಲೇ ಒಂದು ಪಟ್ಟಿ ಒರೆಸೋದೇ ಇಲ್ಲ. ಸ್ಪ್ರಿಂಗ್ ಹೋಯ್ತಾ?

ಒಂದು ಕಾಗದದ ಚೀಟಿಯನ್ನು ಬ್ಲೇಡಿನ ಕೆಳಗೆ ಎಡ ತುದಿ, ಮಧ್ಯ, ಬಲ ತುದಿಯಲ್ಲಿ ಒಂದೊಂದು ಸಲ ಇಟ್ಟು ಎಳೆದು ನೋಡಿ. ಎಲ್ಲ ಕಡೆ ಸಡಿಲವಾಗಿ ಬಂದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಆರ್ಮಿನ ಕೀಲಿನಲ್ಲಿ ಮಣ್ಣು ತುಕ್ಕು ಸೇರಿ ಬಿಗಿದಿದೆ. ಕೀಲು ತೊಳೆದು ಒಂದೇ ಹನಿ ಎಣ್ಣೆ ಬಿಡಿ, ಚೆಲ್ಲಿದ್ದನ್ನು ಒರೆಸಿ. ಎಣ್ಣೆಗೆ ಇಲ್ಲಿ ಮಾತ್ರ ಜಾಗ. ಮಧ್ಯದಲ್ಲಷ್ಟೇ ಸಡಿಲವಿದ್ದರೆ ಚೌಕಟ್ಟಿನ ಕಮಾನು ಬಗ್ಗಿದೆ ಅಥವಾ ಅದರ ಕೀಲು ಹಿಡಿದಿದೆ. ಸ್ಪ್ರಿಂಗ್ ಸೋತಿದ್ದರೆ ರಬ್ಬರ್ ಬ್ಯಾಂಡ್ ಸುತ್ತಿ ಬಿಗಿ ಮಾಡುವ ಉಪಾಯ ಬೇಡ, ಆರ್ಮ್ ಬದಲಿಸಿ.

ಬಿಸಿಲಲ್ಲಿ ನಿಲ್ಲಿಸುವಾಗ ವೈಪರ್ ಎತ್ತಿ ಇಡೋದು ಒಳ್ಳೇದಲ್ವಾ?

ರಬ್ಬರಿಗೆ ಒಳ್ಳೆಯದು, ಸ್ಪ್ರಿಂಗಿಗೆ ಅಷ್ಟು ಅಲ್ಲ. ಎತ್ತಿಟ್ಟಷ್ಟು ಹೊತ್ತೂ ಸ್ಪ್ರಿಂಗ್ ಹೆಚ್ಚು ಎಳೆತದಲ್ಲಿರುತ್ತದೆ. ರಸ್ತೆ ಬದಿಯಲ್ಲಿ ಯಾರಾದರೂ ತಗುಲಿ ಬಗ್ಗಿಸುವ ಭಯವೂ ಇದೆ. ಗಾಜಿನ ಮೇಲೆ ಬಿಸಿಲು ತಡೆಯುವ ಹೊದಿಕೆ ಹಾಕಿ ಅದರ ಅಂಚು ಬ್ಲೇಡನ್ನೂ ಮುಚ್ಚುವ ಹಾಗೆ ನೋಡಿಕೊಂಡರೆ ಎರಡೂ ಉಳಿಯುತ್ತವೆ.

## ಇಲ್ಲಿಗೆ ನಿಲ್ಲಿಸಿ ಅನ್ನುವ ಹೊತ್ತು

ಯಾವಾಗ ರಿಪೇರಿ ಬಿಟ್ಟು ಹೊಸದೇ ಹಾಕಬೇಕು?

ತುಟಿ ಒಂದು ಕಡೆಯಾದರೂ ಹರಿದು ನೇತಾಡುತ್ತಿದ್ದರೆ, ಬುಡದಲ್ಲಿ ಬಿರುಕಿದ್ದರೆ, ತುಂಡು ಕಿತ್ತುಹೋಗಿದ್ದರೆ ರಬ್ಬರನ್ನಾದರೂ ಬದಲಿಸಿ. ಕಮಾನಿನ ಕೀಲುಗಳು ಸಡಿಲವಾಗಿ ಅಲ್ಲಾಡುತ್ತಿದ್ದರೆ, ಲೋಹ ಎಲ್ಲಾದರೂ ಗಾಜಿಗೆ ತಾಗುವಷ್ಟು ಬಗ್ಗಿದ್ದರೆ ಬ್ಲೇಡನ್ನೇ ಬದಲಿಸಿ. ಲೋಹ ಉಜ್ಜಿದ ಗಾಜಿನ ಮೇಲೆ ಅರ್ಧಚಂದ್ರದ ಗೀರು ಬೀಳುತ್ತದೆ. ಉಗುರು ಸಿಕ್ಕುವಷ್ಟು ಆಳದ ಗೀರನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ, ಮುಂದಿನ ಗಾಜಿನ ಬೆಲೆಯ ಮುಂದೆ ಬ್ಲೇಡಿನ ಬೆಲೆ ಏನೂ ಅಲ್ಲ. ಕೆಲಸ ಮಾಡುವ ವೈಪರ್ ಇರಬೇಕಾದದ್ದು ಕಾನೂನು ಕೂಡ ಹೌದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೇ ನಿಯಮ ವೈಪರಿಗೆಂದೇ ಇದೆ.

ಮುಂಗಾರು ಕೇರಳಕ್ಕೆ ಜೂನ್ 1ರ ಆಸುಪಾಸಿಗೆ ಬರುತ್ತದೆ, ನಮ್ಮ ಕರಾವಳಿಗೆ ಅದಾದ ಕೆಲವೇ ದಿನಕ್ಕೆ. ಮೇ ಮಧ್ಯದಲ್ಲೇ ನೀರು ಸುರಿದು ಪರೀಕ್ಷೆ ಮಾಡಿಕೊಳ್ಳಿ. ರಾತ್ರಿ ಹೊತ್ತು ಶಿರಾಡಿ, ಆಗುಂಬೆ, ಚಾರ್ಮಾಡಿ ಕಡೆ ಓಡಾಡುವವರಾದರೆ, ತೊಳೆದ ಮೇಲೂ ಒಂದೇ ಒಂದು ಗೆರೆ ಕಣ್ಣಿನ ಮಟ್ಟದಲ್ಲಿ ಉಳಿದರೂ ಹೊಸ ರಬ್ಬರ್ ಹಾಕಿ. ಅಲ್ಲಿ ಉಳಿತಾಯದ ಲೆಕ್ಕ ಬೇಡ.

ಹಿಂದಿನ ವೈಪರಿಗೂ ಇಷ್ಟೆಲ್ಲ ಮಾಡಬೇಕಾ?

ತೊಳೆಯುವುದಷ್ಟೇ ಸಾಕು. ಅದು ಕಡಿಮೆ ಓಡುತ್ತದೆ, ಧೂಳು ಮಾತ್ರ ಜಾಸ್ತಿ ತಿನ್ನುತ್ತದೆ. ಒಣ ಗಾಜಿನ ಮೇಲೆ ಓಡಿಸಬೇಡಿ.

ದಾರಿ ಮಧ್ಯೆ, ಜೋರು ಮಳೆಯಲ್ಲಿ, ಡ್ರೈವರ್ ಕಡೆ ರಬ್ಬರ್ ಕಿತ್ತು ಬಂದ್ರೆ ಏನು ಮಾಡೋದು?

ಕೂಡಲೇ ವೈಪರ್ ಆಫ್ ಮಾಡಿ, ಪಾರ್ಕಿಂಗ್ ದೀಪ ಹಾಕಿ, ತಿರುವಿನಲ್ಲಲ್ಲದ ಅಗಲ ಜಾಗದಲ್ಲಿ ನಿಲ್ಲಿಸಿ. ಎಡಗಡೆಯ ಬ್ಲೇಡ್ ಚೆನ್ನಾಗಿದ್ದು ಎರಡೂ ಕಡೆ ಒಂದೇ ಥರದ ಕೊಕ್ಕೆ ಇದ್ದರೆ ಅದನ್ನು ಬಿಚ್ಚಿ ಬಲಗಡೆಗೆ ಹಾಕಿ. ಗಿಡ್ಡವಿದ್ದರೂ ಪರವಾಗಿಲ್ಲ, ನಿಮ್ಮ ಕಣ್ಣಿನ ಮುಂದಿನ ಜಾಗ ಒರೆಸಿದರೆ ಸಾಕು. ಖಾಲಿಯಾದ ಎಡ ಆರ್ಮಿನ ತುದಿಗೆ ಕರ್ಚೀಫೋ ಕಾಲುಚೀಲವೋ ದಪ್ಪಗೆ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಲೋಹ ಗಾಜನ್ನು ಕೊರೆಯುತ್ತದೆ. ಮೊದಲು ಒಂದು ಸಲ ನಿಧಾನ ವೇಗದಲ್ಲಿ ಓಡಿಸಿ, ಎರಡು ಆರ್ಮ್ ಒಂದಕ್ಕೊಂದು ತಗಲುವುದಿಲ್ಲ ಅಂತ ನೋಡಿಕೊಳ್ಳಿ. ಆಮೇಲೆ ಹತ್ತಿರದ ಪೇಟೆಯವರೆಗೆ ಮಾತ್ರ ನಿಧಾನವಾಗಿ ಹೋಗಿ. ಬದಲಿಸಲು ಆಗದಿದ್ದರೆ ಮಳೆ ಇಳಿಯುವವರೆಗೆ ಅಲ್ಲೇ ಕಾಯಿರಿ.